ಹೇರಿನವರ ಇನ್ನೊಂದು ಚೀಲ

ಚಳ್ಳಕೆರೆಯಲ್ಲಿ ಕಂಬಳಿ ವ್ಯಾಪಾರದ ದುರುಗಣ್ಣನ ಮನೆ ಯಾವುದು ಎಂದು ಕೇಳಿದರೆ ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹೇರಿನೋರ ಮನೆ ಎಂದು ಕೇಳಿದರೆ ಬೀದಿಯ ನಾಯಿ ಕೂಡ ಎದ್ದು ದಾರಿ ಬಿಡುತ್ತದೆ. ದುರುಗಣ್ಣನಿಗೆ ಮಾತ್ರ ಆ ಹೆಸರು ಯಾವತ್ತೂ ಹಿಡಿಸಿರಲಿಲ್ಲ. ಹೇರುವುದೆಂದರೆ ಹೊರೆ ಹಾಕುವುದು. ಹಾಗಾದರೆ ಹೇರಿನವರು ಎಂದರೆ ಹೊರೆ ಹೊರುವ ಹಮಾಲರು ಎಂದು ಅವನು ಎಣಿಸಿದ್ದ. ತಾನಾದರೋ ವ್ಯಾಪಾರಸ್ಥ. ರೇಷನ್ ಕಾರ್ಡಿನ ಗುಮಾಸ್ತ "ಮನೆತನದ ಹೆಸರೇನ್ರಿ?" ಎಂದಾಗ, "ಹಂಗೇನೂ ಇಲ್ಲ ಸ್ವಾಮಿ, ಬರೀ ದುರುಗಣ್ಣ, ವ್ಯಾಪಾರ" ಎಂದು ಎದೆಯುಬ್ಬಿಸಿ ಹೇಳಿದ್ದ. ಹಿಂದೆ ನಿಂತಿದ್ದ ಹೆಂಡತಿ ಪಾತಮ್ಮ ಸುಮ್ಮನಿರಬೇಕಲ್ಲ. "ಹೇರಿನೋರು ಅಂತ್ಲೇ ಬರ್ಕಳಿ ಸಾಮಿ. ಇಲ್ದಿದ್ರೆ ನಮ್ಮ ಸೀಮೆಎಣ್ಣೆ ಇನ್ಯಾರ್ದೋ ಮನೆಗೆ ಹೋಗ್ತೈತೆ" ಎಂದಳು. ಗುಮಾಸ್ತ ಹಾಗೆಯೇ ಬರೆದುಕೊಂಡ.

ದುರುಗಣ್ಣ ಹೊರುವವನಲ್ಲ ಎಂಬುದು ನಿಜವೇ. ಹೊರುತ್ತಿದ್ದದ್ದು ಬಸ್ಸು. ಇಪ್ಪತ್ತೆರಡು ವರ್ಷಗಳಿಂದ ಚಳ್ಳಕೆರೆಯಲ್ಲಿ ಕಂಬಳಿ ಗಂಟನ್ನು ಬಸ್ಸಿನ ಟಾಪಿಗೆ ಹಾಕಿ, ಮೊಳಕಾಲ್ಮುರಿನಲ್ಲಿ ಇಳಿಸಿ, ಇನ್ನೊಂದು ಬಸ್ಸಿನ ಟಾಪಿಗೆ ಹತ್ತಿಸಿ, ದೇವಸಮುದ್ರದ ಕಡೆಯ ಹಟ್ಟಿಗಳಲ್ಲಿ ಬಿಚ್ಚುತ್ತಿದ್ದ. ವ್ಯಾಪಾರದಲ್ಲಿ ತಾನು ಬಲು ಚತುರ ಎಂದು ಅವನ ನಂಬಿಕೆ. ಆ ಚತುರತೆ ಎಲ್ಲ ಒಂದೇ ಒಂದು ಕಂಬಳಿಯಲ್ಲಿತ್ತು. ಗಿರಾಕಿ ಬಂದ ಕೂಡಲೇ ಆ ಕಂಬಳಿಯನ್ನು ನಾಲ್ಕು ಮೂಲೆ ಹಿಡಿಸಿ, ನಡುವೆ ಒಂದು ಚೊಂಬು ನೀರು ಹುಯ್ಯುತ್ತಿದ್ದ. ತೊಟ್ಟು ನೀರೂ ಕೆಳಗೆ ಸೋರುತ್ತಿರಲಿಲ್ಲ. "ನೋಡ್ರಿ, ನೇಯ್ಗೆ ಅಂದ್ರೆ ಇದು" ಎನ್ನುತ್ತಿದ್ದ. ಗಿರಾಕಿ ತಲೆದೂಗಿ ಕೊಂಡು ಹೋಗುತ್ತಿದ್ದದ್ದು ಮಾತ್ರ ಗಂಟಿನಲ್ಲಿದ್ದ ಇನ್ನೊಂದು ಸಾಧಾರಣ ಕಂಬಳಿಯನ್ನು. ತೋರಿಸುವ ಕಂಬಳಿ ಸಂಜೆ ಮತ್ತೆ ಗಂಟಿನ ಮೇಲ್ಭಾಗಕ್ಕೆ ಸೇರುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅದು ಕಂಡಷ್ಟು ನೀರನ್ನು ಆ ಸೀಮೆಯ ಹೊಲಗಳೂ ಕಂಡಿರಲಾರವು.

ಗುರುವಾರ ಅವನು ಗಂಟು ಬಿಚ್ಚುತ್ತಿದ್ದ ಊರನ್ನು ಕಾರೇಹಟ್ಟಿ ಎಂದು ಕರೆಯೋಣ. ನಿಜವಾದ ಹೆಸರನ್ನು ಬಿಟ್ಟಿದ್ದಕ್ಕೆ ಕಾರಣ ಮುಂದೆ ತಿಳಿಯುತ್ತದೆ. ಬಸ್ಸು ನಿಲ್ಲುವಲ್ಲಿ ಒಂದು ದೊಡ್ಡ ಹುಣಸೆಮರ, ಮರದ ಬುಡದಲ್ಲಿ ಕುರಿಮರಿಯಷ್ಟು ಗಾತ್ರದ ದುಂಡನೆಯ ಕರಿಕಲ್ಲು. ಅದು ಮರದಪ್ಪ. ಅರಿಸಿನ, ಕುಂಕುಮ, ಎಣ್ಣೆ ಕುಡಿದು ಕುಡಿದು ಮಿರಮಿರ ಮಿಂಚುತ್ತಿತ್ತು. ಹಟ್ಟಿಯಲ್ಲಿ ಕುರಿ ತಪ್ಪಿದರೂ, ಮಗು ರಚ್ಚೆ ಹಿಡಿದರೂ ಮೊದಲು ಅಲ್ಲಿಗೇ ಬರುತ್ತಿದ್ದರು. ದುರುಗಣ್ಣನೂ ಊದುಬತ್ತಿ ಹಚ್ಚದೆ ಗಂಟು ಬಿಚ್ಚಿದವನಲ್ಲ. ಭಕ್ತಿಯ ಜೊತೆಗೆ ಒಂದು ಲೆಕ್ಕಾಚಾರವೂ ಇತ್ತು. ಸಂತೆ ಸುಂಕದವನು ಮರದ ಮುಂದೆ ಕೂತವರಿಗೆ ಚೀಟಿ ಹರಿದುಕೊಡುತ್ತಿದ್ದ. ಮರದಪ್ಪನ ಹಿಂದೆ ದೇವರ ಜಾಗ ಎಂದು ಬರುತ್ತಿರಲಿಲ್ಲ. ದುರುಗಣ್ಣ ಇಪ್ಪತ್ತೆರಡು ವರ್ಷವೂ ದೇವರ ಬೆನ್ನಿಗೇ ಕೂತ. ಸುಂಕ ತಪ್ಪಿಸಿದೆನೆಂದು ಪ್ರತಿ ಗುರುವಾರವೂ ಒಳಗೊಳಗೇ ಮೀಸೆ ತಿರುವಿದ.

ಆ ಮೀಸೆ ಮಣ್ಣಾದದ್ದು ತೊಂಬತ್ತೆಂಟನೇ ಇಸವಿಯಲ್ಲಿ. ಅಷ್ಟರಲ್ಲಿ ಅವನಿಗೆ ಐವತ್ತೆರಡು ತುಂಬಿ, ಮಂಡಿ ಮಾತಾಡತೊಡಗಿತ್ತು. ಬಸ್ಸಿನ ಹಿಂದಿನ ಏಣಿಗೆ ವರ್ಷಕ್ಕೊಂದು ಮೆಟ್ಟಿಲು ಹೆಚ್ಚಿಸುತ್ತಾ ಬರುತ್ತಿದ್ದಾರೆ ಎಂದು ಅವನಿಗೆ ಗುಮಾನಿ. ಹೀಗಿರುವಾಗ ಪಂಚಾಯ್ತಿಯವರು ಹುಣಸೆಮರದ ಎದುರಿಗೆ ಒಂದು ಮಳಿಗೆ ಕಟ್ಟಿಸಿದರು. ಶಟರ್ ಬಾಗಿಲು, ಸಿಮೆಂಟು ನೆಲ. ಆ ಜಾಗದಲ್ಲಿ ಎಲ್ಲರಿಗಿಂತ ಹಳಬ ವ್ಯಾಪಾರಿ ಯಾರೋ ಅವರಿಗೇ ಮಳಿಗೆ ಎಂದು ಹಟ್ಟಿಯ ಮೆಂಬರ್ ಗಾದ್ರಪ್ಪ ಸಾರಿದ. ದುರುಗಣ್ಣನ ಕಣ್ಣಿಗೆ ಆ ಶಟರ್ ಬಾಗಿಲು ಸ್ವರ್ಗದ ಬಾಗಿಲಿನಂತೆ ಕಂಡಿತು. ಸರಕೆಲ್ಲ ಅಲ್ಲೇ ಇಟ್ಟು ಬೀಗ ಹಾಕಿ, ಕೈ ಬೀಸಿಕೊಂಡು ಬಸ್ಸಿನ ಒಳಗೆ ಸೀಟಿನ ಮೇಲೆ ಕೂತು ಹೋಗಬಹುದು. ಇಲ್ಲದಿದ್ದರೆ ಇನ್ನು ಒಂದೆರಡು ವರ್ಷ. ಆಮೇಲೆ ಮಂಡಿ ಒಪ್ಪುವುದಿಲ್ಲ, ವ್ಯಾಪಾರ ಮುಗಿಯಿತು. ಅವತ್ತೇ ಮರದಪ್ಪನಿಗೆ ಹರಕೆ ಹೊತ್ತ: ಮಳಿಗೆ ಸಿಕ್ಕರೆ ಹನ್ನೊಂದು ಕಾಯಿ ಒಡೆಸುತ್ತೇನೆ.

ಆದರೆ ಎದುರಾಳಿಯಿದ್ದ. ಟೆಂಪೋದಲ್ಲಿ ಪ್ಲಾಸ್ಟಿಕ್ ಬಿಂದಿಗೆ ತಂದು ಮಾರುವ ಗೋವರ್ಧನ. ಬಂದು ಆರೇ ವರ್ಷವಾಗಿದ್ದರೂ ಆರು ವರ್ಷದ ಸುಂಕದ ಚೀಟಿಯನ್ನೂ ದಾರಕ್ಕೆ ಪೋಣಿಸಿ ಇಟ್ಟಿದ್ದ.

"ನಿಂದು ಚೀಟಿ ತೋರ್ಸಪ್ಪ ದುರುಗಣ್ಣ" ಎಂದ ಗಾದ್ರಪ್ಪ.

"ಇಪ್ಪತ್ತೆರಡು ವರ್ಷದಿಂದ ನೋಡ್ತಾ ಇದೀರಲ್ರಿ ಮೆಂಬರೇ."

"ನಾ ನೋಡಿದೀನಿ. ಕಾಗ್ದ ನೋಡ್ಬೇಕಲ್ಲ! ಒಂದು ಚೀಟಿನಾದ್ರೂ ಐತಾ?"

ಇರಲಿಲ್ಲ. ತನ್ನ ಚತುರತೆಯ ಫಲವನ್ನು ಮನುಷ್ಯ ಇಷ್ಟು ಪೂರ್ತಿಯಾಗಿ ಉಣ್ಣುವುದು ಅಪರೂಪ.

ಜೋಲುಮುಖ ಹಾಕಿಕೊಂಡು ವಾಪಸು ಬಸ್ಸು ಹತ್ತಿದಾಗ ಪಕ್ಕದಲ್ಲಿ ಸಿಕ್ಕವರು ಮಹಾಂತೇಶ ಮೇಷ್ಟ್ರು. ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವವರು. ಕಂಡಕ್ಟರು ಎಂದಿನಂತೆ, "ಹೇರಿನೋರೇ, ಲಗೇಜ್ ಎಷ್ಟು?" ಎಂದು ಕೂಗಿದ್ದೇ ಮೇಷ್ಟ್ರು ಕತ್ತು ತಿರುಗಿಸಿದರು.

"ನೀವು ಹೇರಿನೋರಾ? ಎಂಥ ಮನೆತನ ರೀ ನಿಮ್ಮದು!"

ದುರುಗಣ್ಣ ಹಿಂದೆ ಇನ್ಯಾರಾದರೂ ಇದ್ದಾರೇನೋ ಎಂದು ನೋಡಿದ.

"ಹಮಾಲರು ಅಂತ ತಿಳ್ಕಂಡಿದೀರಾ? ಹೇರು ಅಂದ್ರೆ ಬರೀ ಹೊರೆ ಅಲ್ಲ. ಎತ್ತಿನ ಬೆನ್ನಿನ ಎರಡೂ ಮಗ್ಗುಲಿಗೆ ಸಮ ತೂಕ ಬರೋ ಹಂಗೆ ಇಳಿಬಿಡೋ ಹೊರೆ. ಹಳಗನ್ನಡದಲ್ಲಿ ಪೇರು. ಹಂಗೆ ಎತ್ತಿನ ಹಿಂಡಿನ ಮೇಲೆ ಉಪ್ಪು, ಅಡಿಕೆ, ಹತ್ತಿ ಹೇರ್ಕಂಡು ನಾಡಿಂದ ನಾಡಿಗೆ ನಡೆದು ವ್ಯಾಪಾರ ಮಾಡಿದೋರು ಹೇರಿನೋರು. ಗಾಡಿ ಇಳಿಯದ ಕಣಿವೇಲೂ ಅವರ ಎತ್ತು ಇಳೀತಿದ್ವು. ದಂಡು ಹೊರಟ್ರೆ ಅದರ ಹಿಂದೆ ಧಾನ್ಯ ಹೊಡ್ಕಂಡು ಹೋಗೋರೂ ಅಂಥೋರೇ. ಸಂಸ್ಕೃತದಾಗೆ ಇಂಥ ತಂಡಕ್ಕೆ ಸಾರ್ಥ ಅಂತಾರೆ. ಅದರ ಯಜಮಾನ ಸಾರ್ಥವಾಹ!"

"ನಮ್ಮ ತಾತ ಎತ್ತು ಹೊಡ್ಕಂಡು ಈ ಕಡೆ ಬರ್ತಿದ್ದ ಅಂತ ನಮ್ಮವ್ವ ಹೇಳ್ತಿದ್ಲು" ಎಂದ ದುರುಗಣ್ಣ ಮೆಲ್ಲಗೆ.

"ಮತ್ತಿನ್ನೇನು!"

ಹತ್ತಿದಾಗ ಕಂಬಳಿ ದುರುಗಣ್ಣನಾಗಿದ್ದವನು ಮೊಳಕಾಲ್ಮುರಿನಲ್ಲಿ ಇಳಿಯುವಾಗ ಸಾರ್ಥವಾಹನಾಗಿದ್ದ. ದಾರಿಯುದ್ದಕ್ಕೂ ಕಿಟಕಿಯಾಚೆಯ ಬಯಲಿನಲ್ಲಿ ಅವನಿಗೆ ಎತ್ತುಗಳ ಸಾಲು ಕಂಡಿತು. ನೂರು ಎತ್ತು, ನೂರು ಗಂಟೆ, ಮುಂದೆ ರುಮಾಲು ಸುತ್ತಿದ ತಾತ. ಚಳ್ಳಕೆರೆ ಮುಟ್ಟುವ ಹೊತ್ತಿಗೆ ಎತ್ತುಗಳು ಇನ್ನೂರಾಗಿದ್ದವು.

"ನಾವು ಯಾರು ಗೊತ್ತೇನೇ?" ಎಂದು ಮನೆಯಲ್ಲಿ ಕೇಳಿದ.

ಪಾತಮ್ಮ ರೊಟ್ಟಿ ತಟ್ಟುತ್ತಾ, "ಗೊತ್ತಿಲ್ದೇನೇ ಮೂವತ್ತು ವರ್ಷ ಬೇಯ್ಸಿ ಹಾಕಿದೀನಾ?" ಎಂದಳು.

ಅವನು ಸಾರ್ಥವಾಹನ ವಿಷಯವನ್ನೆಲ್ಲ ಬಿಡಿಸಿ ಹೇಳಿದ. ಅವಳು ಪೂರ್ತಿ ಕೇಳಿದಳು. "ಇನ್ನೂರು ಎತ್ತಿತ್ತಾ? ಹಂಗಾದ್ರೆ ಒಂದು ಕರನಾದ್ರೂ ಉಳೀಬೇಕಿತ್ತಲ್ಲ. ನಾ ಈ ಮನೆಗೆ ಬಂದಾಗ ಇದ್ದದ್ದು ಒಂದು ಆಡು. ಅದೂ ಕುಂಟು."

ಈ ಮಾತಿಗೆ ಜಗ್ಗಿದರೆ ಅವನೆಂಥ ಸಾರ್ಥವಾಹ! ಮರುವಾರವೇ ಗಾದ್ರಪ್ಪನೆದುರು ನಿಂತ. ತನ್ನ ಇಪ್ಪತ್ತೆರಡು ವರ್ಷ ಲೆಕ್ಕಕ್ಕೇ ಬೇಡ. ತಾತನ ಕಾಲದಿಂದ ತಾವು ಹೇರಿನವರು, ಹೇರು ಇಳಿಸುತ್ತಿದ್ದದ್ದು ಇದೇ ಮರದ ಕೆಳಗೆ, ಆದ್ದರಿಂದ ತಾನೇ ಹಳಬ ಎಂದು ಮಂಡಿಸಿದ.

ಗಾದ್ರಪ್ಪ ಗಡ್ಡ ಕೆರೆದುಕೊಂಡ. "ಗೋವರ್ಧನ ಕಾಗ್ದ ಹಿಡ್ಕಂಡು ಕುಂತವ್ನೆ. ನೀನು ಕತೆ ಹಿಡ್ಕಂಡು ಬಂದೀಯ. ಒಂದು ಕೆಲ್ಸ ಮಾಡಾಣ. ಆ ಕಾಲ ಕಂಡೋಳು ಜುಂಜಮ್ಮಜ್ಜಿ ಒಬ್ಳೇ. ಅವ್ಳು ಹೌದು ಅನ್ಲಿ. ಆದ್ರೆ ಬಾಯಿಮಾತು ಒಂದೇ ನಡೆಯಲ್ಲ, ನಾಳೆ ಗೋವರ್ಧನನೂ ಒಬ್ಳು ಅಜ್ಜಿನ ಕರ್ಕಂಬತ್ತಾನೆ. ನಿಮ್ಮ ತಾತ ಇಲ್ಲಿದ್ದ ಅನ್ನಾಕೆ ಕಣ್ಣಿಗೆ ಕಾಣೋ ಒಂದು ಗುರುತು ಬೇಕು. ಅಜ್ಜಿ ಗುರುತು ತೋರಿಸಿದ್ರೆ ಮಳಿಗೆ ನಿಂದು."

ಅದರ ಮುಂದಿನ ಗುರುವಾರ ದುರುಗಣ್ಣ ಕಚ್ಚೆಪಂಚೆ ಉಟ್ಟು, ಯಾರಿಂದಲೋ ಎರವಲು ತಂದ ಕೆಂಪು ರುಮಾಲು ಸುತ್ತಿ, ಹೆಗಲಿಗೆ ಆ ತೋರಿಸುವ ಕಂಬಳಿಯನ್ನೇ ಹಾಕಿಕೊಂಡು ಬಸ್ಸಿಳಿದ. ಕಂಡಕ್ಟರು, "ಏನ್ ಹೇರಿನೋರೇ, ನಾಟಕ ಐತಾ ಇವತ್ತು?" ಎಂದದ್ದನ್ನು ಸಾರ್ಥವಾಹನಿಗೆ ತಕ್ಕ ಗಾಂಭೀರ್ಯದಿಂದ ಕಡೆಗಣಿಸಿದ. ಮರದ ಕೆಳಗೆ ಹಟ್ಟಿಯ ಅರ್ಧ ಜನ ಸೇರಿದ್ದರು. ಜುಂಜಮ್ಮಜ್ಜಿ ಮರದಪ್ಪನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು. ಎಂಬತ್ತು ದಾಟಿದ ಜೀವ; ಕಣ್ಣು ಮಂಜು, ನಾಲಿಗೆ ಮಾತ್ರ ಕುಡುಗೋಲು. ಹುಟ್ಟಿದ್ದೂ ಅದೇ ಹಟ್ಟಿ, ಕೊಟ್ಟದ್ದೂ ಅದೇ ಹಟ್ಟಿಗೆ.

"ಏಮಿರಾ ನಾಯನಾ, ಹೇರಿನೋನು ಅಂತೀಯಲ್ಲ. ಹೇರಿನೋನು ಹೇರು ಕಟ್ಟದೆ ಇರ್ತಾನೇನೋ? ಒಂದು ಹೇರು ಕಟ್ಟಿ ಎತ್ತನ್ನ ಹತ್ತು ಮಾರು ನಡೆಸು. ಆಮೇಲೆ ಮಾತಾಡಾಣ" ಎಂದಳು.

ಗಾದ್ರಪ್ಪನ ಮನೆಯ ಎತ್ತು ಬಂತು. ಅದು ಬದುಕಿನಲ್ಲಿ ನೊಗ ಕಂಡಿತ್ತೇ ಹೊರತು ಬೆನ್ನಿನ ಮೇಲೆ ಕಾಗೆಗಿಂತ ಭಾರವಾದ್ದನ್ನು ಕಂಡಿರಲಿಲ್ಲ. ದುರುಗಣ್ಣನೂ ಬದುಕಿನಲ್ಲಿ ಬಸ್ಸಿನ ಏಣಿ ಕಂಡಿದ್ದನೇ ಹೊರತು ಎತ್ತಿನ ಬೆನ್ನು ಕಂಡಿರಲಿಲ್ಲ. ಒಬ್ಬರ ಅನುಭವ ಒಬ್ಬರಿಗೆ ಸರಿಯಾಗಿತ್ತು. ಅವನು ಎಂಟು ಕಂಬಳಿಯ ಗಂಟನ್ನು ಹಗ್ಗದಿಂದ ಬಿಗಿದು ಎತ್ತಿನ ಎಡಮಗ್ಗುಲಿಗೆ ಇಳಿಬಿಟ್ಟ. ಬಲಮಗ್ಗುಲಿಗೆ ಏನು? ಅದನ್ನು ಯೋಚಿಸಿಯೇ ಇರಲಿಲ್ಲ. ಗಡಿಬಿಡಿಯಲ್ಲಿ ಹಗ್ಗದ ತುದಿಯನ್ನು ಹೊಟ್ಟೆಯ ಕೆಳಗಿಂದ ತಂದು ಬಾಲದ ಹತ್ತಿರ ಗಂಟು ಹಾಕಿದ.

"ಅಲ್ಲಿ ಕಟ್ಟಬ್ಯಾಡ ಕಣಣ್ಣೋ" ಎಂದು ಯಾರೋ ಕೂಗುವುದಕ್ಕೂ ಎತ್ತು ಹೊರಡುವುದಕ್ಕೂ ಸರಿಯಾಯಿತು. ಮೂರು ಹೆಜ್ಜೆಗೆ ಗಂಟು ಹೊಟ್ಟೆಯ ಕೆಳಗೆ ಬಂತು. ನಾಲ್ಕನೆಯ ಹೆಜ್ಜೆಗೆ ಎತ್ತಿಗೆ ತನ್ನ ಹೊಟ್ಟೆಯಲ್ಲಿ ಇನ್ಯಾವುದೋ ಪ್ರಾಣಿ ನೇತಾಡುತ್ತಿದೆ ಎನಿಸಿರಬೇಕು, ಒಂದೇ ನೆಗೆತ. ಮೂಗುದಾರದ ಹಗ್ಗ ಹಿಡಿದಿದ್ದ ಸಾರ್ಥವಾಹನೂ ಹಿಂದೆಯೇ ನೆಗೆದ. ರುಮಾಲು ಬಿಚ್ಚಿ ಉದ್ದಕ್ಕೆ ಹಾಸಿತು. ಕಂಬಳಿಗಳು ಬಸ್ಸು ನಿಲ್ಲುವ ಜಾಗದಿಂದ ಮಳಿಗೆಯ ಶಟರಿನವರೆಗೆ ಒಂದೊಂದಾಗಿ ಬಿದ್ದವು. ಗೋವರ್ಧನ ತನ್ನ ಬಿಂದಿಗೆಗಳ ಹಿಂದೆ ಕೂತು ನಕ್ಕ ನಗುವಿಗೆ ಬಿಂದಿಗೆಗಳೂ ಅದುರಿದವು.

ದುರುಗಣ್ಣ ಮಣ್ಣು ಕೊಡವಿಕೊಂಡು ಬಂದಾಗ ಜುಂಜಮ್ಮಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಗು ನಿಲ್ಲುತ್ತಿರಲಿಲ್ಲ.

"ಹೌದು ಕಣ್ರಲೇ, ಇವನು ಅವನ ಮೊಮ್ಮಗನೇ! ಅವನಿಗೂ ಹೇರು ಕಟ್ಟಾಕೆ ಬರ್ತಿರ್ಲಿಲ್ಲ. ಹಿಂಗೇ, ಥೇಟ್ ಹಿಂಗೇ ಒಂದ್ಕಡೆ ವಾಲ್ತಿತ್ತು."

 ತಾತನ ಗುರುತು ಹೇಳಲು ತನ್ನ ಅವಮಾನವೇ ಸಾಕ್ಷಿಯಾಗಬೇಕಾಯಿತಲ್ಲ ಎಂದುಕೊಂಡರೂ, ದುರುಗಣ್ಣನಿಗೆ ಮಳಿಗೆ ಅರ್ಧ ಕೈಗೆ ಬಂದಂತಾಯಿತು.

"ಅದು ಸರಿ ಅಜ್ಜಿ. ಗುರುತು?" ಎಂದ ಗಾದ್ರಪ್ಪ.

ಜುಂಜಮ್ಮಜ್ಜಿಯ ನಗು ನಿಂತಿತು. ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ದೂಡಿದಳು. "ಗುರುತು ಐತೆ. ಮೊದ್ಲು ಇವನಿಗೆ ಹೇಳ್ತೀನಿ. ಲೇ ದುರುಗ, ಕೈ ಹಿಡ್ದು ಎಬ್ಬಿಸು" ಎಂದು ಅವನನ್ನು ಮರದ ಹಿಂದಕ್ಕೆ, ಅವನು ಸುಂಕ ತಪ್ಪಿಸಿ ಕೂರುತ್ತಿದ್ದ ಅದೇ ಜಾಗಕ್ಕೆ ಕರೆದೊಯ್ದಳು. ದನಿ ತಗ್ಗಿಸಿದಳು.

"ನಿಮ್ಮ ತಾತನಿಗೆ ಎಷ್ಟು ಎತ್ತು ಇದ್ವು ಅಂತ ತಿಳ್ಕಂಡಿದೀಯ?"

ದುರುಗಣ್ಣ ಇನ್ನೂರನ್ನು ಗಂಟಲಲ್ಲೇ ಇಳಿಸಿ, "ಇಪ್ಪತ್ತು?" ಎಂದ.

"ಒಂದು. ಮುದಿ ಎತ್ತು. ಒಂದು ಚೀಲ ಉಪ್ಪು ತರ್ತಿದ್ದ. ಎರಡು ಚೀಲಕ್ಕೆ ಅವನ ಹತ್ರ ಬಂಡವಾಳ ಎಲ್ಲಿತ್ತು? ಆದ್ರೆ ಒಂದೇ ಚೀಲ ಹಾಕಿದ್ರೆ ಈಗ ನೀನು ಬಿದ್ದಂಗೆ ಬೀಳ್ತೈತೆ. ಅದಕ್ಕೆ ಆ ಕಡೆ ಚೀಲಕ್ಕೆ ಒಂದು ಗುಂಡುಕಲ್ಲು ಹಾಕ್ತಿದ್ದ. ನೋಡಿದೋರಿಗೆ ಎರಡು ಚೀಲ ಉಪ್ಪು, ಭಾರೀ ಸಾಹುಕಾರ. 'ಆ ಚೀಲ ಮುಂದಿನ ಊರಿನೋರು ಹೇಳಿಟ್ಟಿದಾರೆ, ಬಿಚ್ಚಾಂಗಿಲ್ಲ' ಅಂತಿದ್ದ. ಜನ ಮುಗಿಬಿದ್ದು ಈ ಚೀಲದ್ದು ಕೊಳ್ಳೋರು."

ದುರುಗಣ್ಣನ ಕೈ ತಾನಾಗಿಯೇ ಹೆಗಲ ಮೇಲಿನ ಕಂಬಳಿಯನ್ನು ಮುಟ್ಟಿ ನೋಡಿಕೊಂಡಿತು. ಇಪ್ಪತ್ತೆರಡು ವರ್ಷ ಮಾರದೆ ಬರೀ ತೋರಿಸಿದ ಕಂಬಳಿ. ಈ ಉಪಾಯವನ್ನು ತಾನೇ ಕಂಡುಹಿಡಿದೆನೆಂದು ಅವನು ಇವತ್ತಿನವರೆಗೂ ಬೀಗಿದ್ದ.

"ಒಂದು ವರ್ಷ ಎತ್ತು ಇಲ್ಲೇ, ಈ ಮರದ ಕೆಳಗೇ ಸತ್ತೋಯ್ತು" ಎಂದಳು ಅಜ್ಜಿ. "ಅವನು ಮಿಕ್ಕ ಉಪ್ಪನ್ನ ತಲೆ ಮೇಲೆ ಹೊತ್ಕಂಡು ಹೋದ. ಕಲ್ಲು ಯಾಕೆ ಹೊರ್ತಾನೆ? ಇಲ್ಲೇ ಬಿಟ್ಟ. ನಾನವಾಗ ಕುರಿಮರಿ ಕಾಯೋ ಹುಡುಗಿ. ದುಂಡಗೆ ಮುದ್ದಾಗೈತಲ್ಲ ಅಂತ ಆಟಕ್ಕೆ ಅರಿಸಿನ ಬಳ್ದು ಕುಂಕುಮ ಇಟ್ಟೆ. ಅವತ್ತೇ ಸಂಜೆ ಕಳೆದೋಗಿದ್ದ ಮರಿ ಸಿಕ್ತು. ನಮ್ಮವ್ವ ಕಾಯಿ ಒಡೆದ್ಲು."

ದುರುಗಣ್ಣ ನಿಧಾನವಾಗಿ ಮರದ ಬುಡದತ್ತ ತಿರುಗಿದ. ಮರದಪ್ಪ ಎಣ್ಣೆಯಲ್ಲಿ ಮಿಂಚುತ್ತಿದ್ದ.

"ಅದೇ ಕಣೋ ಗುರುತು" ಎಂದಳು. "ಅರಿಸಿನ ಕೆರೆದು ನೋಡಿದ್ರೆ ನಡುವಿಗೆ ಹಗ್ಗ ಜಾರದಂಗೆ ಹೊಡೆದಿರೋ ಕಚ್ಚು ಐತೆ, ನಿಮ್ಮ ತಾತ ಉಳಿ ಹಾಕಿ ಹೊಡೆದದ್ದು. ಎಲ್ರೂ ಒಪ್ತಾರೆ. ಮಳಿಗೆ ನಿಂದು. ಮರದಪ್ಪ ಮಾತ್ರ ಇರಾದಿಲ್ಲ. ಎಪ್ಪತ್ತು ವರ್ಷ ನಾ ಬಾಯಿ ಬಿಟ್ಟಿಲ್ಲ. ಕಲ್ಲು ನಿಮ್ಮನೇದು, ಅದಕ್ಕೆ ನಿನ್ನ ಕೇಳ್ತಾ ಇದೀನಿ. ಹೇಳ್ಲಾ, ಬ್ಯಾಡ್ವಾ?"

ವ್ಯಾಪಾರಿಯ ತಲೆ ಮೊದಲು ಮಾಡಿದ್ದು ವ್ಯಾಪಾರವನ್ನೇ. ಹಟ್ಟಿಯ ದೇವರನ್ನು ತಕ್ಕಡಿ ಕಲ್ಲು ಮಾಡಿದವನ ಅಂಗಡಿಗೆ ಯಾರು ಬರುತ್ತಾರೆ? ಆದರೆ ಒಂದು ವರ್ಷ ಬೈದು ಆಮೇಲೆ ಬಂದಾರು. ಚಳಿಗೆ ಕಂಬಳಿ ಬೇಕೇ ಬೇಕು. ಲೆಕ್ಕ ಮಳಿಗೆಯ ಕಡೆಗೇ ವಾಲಿತು. ಮಂಡಿಯೂ ಅದೇ ಕಡೆಗೆ ವೋಟು ಹಾಕಿತು.

ಆದರೆ ಹಿಂದಿನ ವರ್ಷದ ಒಂದು ಗುರುವಾರ ಅಡ್ಡ ಬಂದು ನಿಂತಿತು. ಅವತ್ತು ಪಾತಮ್ಮನಿಗೆ ಹೊಟ್ಟೆಯ ಆಪರೇಷನ್. ಆಸ್ಪತ್ರೆಯಲ್ಲಿ ನಿಂತು ನೋಡಲು ಧೈರ್ಯ ಸಾಲದೆ, ವ್ಯಾಪಾರದ ನೆಪದಲ್ಲಿ ಗಂಟಿನೊಂದಿಗೆ ಇಲ್ಲಿಗೆ ಓಡಿಬಂದು, ಗಂಟು ಬಿಚ್ಚದೆ, ಈ ಕಲ್ಲಿಗೆ ಹಣೆ ಹಚ್ಚಿ ಕೂತಿದ್ದ. ಕಲ್ಲು ತಣ್ಣಗಿತ್ತು. ಅವನ ಹಣೆಯ ಪಕ್ಕದಲ್ಲೇ ಗಾದ್ರಪ್ಪನ ಸೊಸೆ ಕೂಸನ್ನು ಮಲಗಿಸಿ, ಸದ್ದಿಲ್ಲದೆ ದೀಪಕ್ಕೆ ಎಣ್ಣೆ ಹಾಕಿ, "ಏನೂ ಆಗಲ್ಲ ಹೋಗಣ್ಣ" ಎಂದು ಹೇಳಿ ಹೋಗಿದ್ದಳು. ಪಾತಮ್ಮ ಬದುಕಿದಳು. ಯಾರಿಂದ ಬದುಕಿದಳೋ, ಡಾಕ್ಟರೇ ಇರಬೇಕು. ಆದರೆ ಆ ಮಧ್ಯಾಹ್ನ ತನ್ನ ಭಾರ ಇಳಿಸಿಕೊಂಡದ್ದು ಯಾರ ಮೇಲೆ? ಉಪ್ಪಿನ ಚೀಲದ ತೂಕ ಹೊತ್ತ ಕಲ್ಲು ತನ್ನದನ್ನೂ ಹೊತ್ತಿತ್ತು. ಅದನ್ನು ಇವತ್ತು ಶಟರ್ ಬಾಗಿಲಿಗೆ ಮಾರುವುದೇ?

"ಬ್ಯಾಡವ್ವ" ಎಂದ. ದನಿ ಅಷ್ಟು ಸಣ್ಣಗೆ ಬಂತು, ಇನ್ನೊಮ್ಮೆ ಹೇಳಬೇಕಾಯಿತು. "ಬ್ಯಾಡ. ಹೇಳಬ್ಯಾಡ."

ಜುಂಜಮ್ಮಜ್ಜಿ ಅವನ ಹೆಗಲಿನ ಮಣ್ಣು ಕೊಡವಿದಳು.

ಮರದ ಮುಂದೆ ಬಂದು ದುರುಗಣ್ಣ ತಾನೇ ಹೇಳಿದ: "ಗುರುತು ಇಲ್ಲ ಮೆಂಬರೇ. ನಮ್ಮ ತಾತ ಇಲ್ಲಿ ಬಿಟ್ಟು ಹೋಗಿದ್ದು ಅಂದ್ರೆ ಬರೀ ಮೋಸ. ಅದು ಕಾಗದಕ್ಕೆ ಆಗಾದಿಲ್ಲ."

"ಅಜ್ಜಿ ಐತೆ ಅಂದ್ಲಲ್ಲೋ?"

"ವಯಸ್ಸಾತು ಕಣೋ ಗಾದ್ರ, ಮರ್ತು ಹೋತು" ಎಂದಳು ಜುಂಜಮ್ಮಜ್ಜಿ, ಎಪ್ಪತ್ತು ವರ್ಷ ಒಂದನ್ನೂ ಮರೆಯದವಳು.

ಮಳಿಗೆ ಗೋವರ್ಧನನ ಪಾಲಾಯಿತು. ದುರುಗಣ್ಣ ಚೆಲ್ಲಿದ ಕಂಬಳಿಗಳನ್ನು ಆಯ್ದು ಗಂಟು ಕಟ್ಟಿದ. ಹರಕೆ ಫಲಿಸಿರಲಿಲ್ಲ; ಹನ್ನೊಂದು ಕಾಯಿಯ ಖರ್ಚು ಉಳಿಯಿತೆಂದು ಎಂದಿನ ದುರುಗಣ್ಣ ಸಂತೋಷಪಡಬೇಕಿತ್ತು. ಅವನು ಹೆಗಲ ಮೇಲಿನ ತೋರಿಸುವ ಕಂಬಳಿಯನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಮರದಪ್ಪನ ಬುಡಕ್ಕೆ ಗದ್ದುಗೆ ಹಾಸಿದ. ಹಟ್ಟಿಯ ಹೆಂಗಸರು ಅಂಥ ಕಂಬಳಿಯನ್ನು ಹಾಸಿದವನ ಭಕ್ತಿಗೆ ಕೈಮುಗಿದರು. ಇಬ್ಬರು ಆ ಕ್ಷಣದಲ್ಲೇ ಒಂದೊಂದು ಕಂಬಳಿ ಕೊಂಡರು. ಒಳ್ಳೆಯ ಕೆಲಸವನ್ನೂ ಲಾಭವಿಲ್ಲದೆ ಮಾಡಲು ಬಾರದಲ್ಲ ಈ ಮನೆತನಕ್ಕೆ ಎಂದು ದುರುಗಣ್ಣನಿಗೆ ತನ್ನ ಮೇಲೇ ನಗು ಬಂತು.

ಮನೆಯಲ್ಲಿ ಪಾತಮ್ಮ ಗಂಟನ್ನು ಮುಟ್ಟಿ ನೋಡಿಯೇ ಕಂಡುಹಿಡಿದಳು. "ಆ ಕಂಬಳಿ ಎಲ್ಲಿ?"

"ಕೊಟ್ಟೆ."

"ಮಳಿಗೆ?"

"ಅದೂ ಕೊಟ್ಟೆ."

ಅವಳು ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ತಟ್ಟೆ ಇಟ್ಟಳು. ಎರಡು ತುತ್ತು ಉಂಡ ಮೇಲೆ ಅವನೇ ಹೇಳಿದ: "ಹೇರಿನೋರು ಅಂದ್ರೆ ಏನು ಅಂತ ಮೇಷ್ಟ್ರಿಗೂ ಪೂರ್ತಿ ಗೊತ್ತಿಲ್ಲ ಕಣೇ. ಒಂದು ಕಡೆ ಸರಕು, ಒಂದು ಕಡೆ ಕಲ್ಲು. ಎರಡೂ ಇದ್ರೇನೇ ಎತ್ತು ನಡೆಯಾದು."

"ಅದಕ್ಕೆ ಮೇಷ್ಟ್ರು ಯಾಕೆ? ಮೂವತ್ತು ವರ್ಷದಿಂದ ಈ ಮನೆ ನಡೀತಿರಾದು ಹಂಗೇ ಅಲ್ವಾ" ಎಂದಳು ಪಾತಮ್ಮ ಮಜ್ಜಿಗೆ ಬಡಿಸುತ್ತಾ. ಯಾರು ಸರಕು, ಯಾರು ಕಲ್ಲು ಎಂದು ಕೇಳುವಷ್ಟು ದಡ್ಡನಲ್ಲ ಅವನು.

ಮುಂದಿನ ಗುರುವಾರ ಗಂಟು ಅರ್ಧವಾಗಿತ್ತು. ಮಂಡಿ ಅಷ್ಟಕ್ಕೇ ಒಪ್ಪಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು, "ಹೇರಿನೋರೇ, ಇದೇನು ಇಷ್ಟೇನಾ ಇವತ್ತು?" ಎಂದು ಕೂಗಿದ.

"ಇಷ್ಟೇ ಕಣಪ್ಪ, ಇನ್ನೊಂದು ಕಡೇದು ಅಲ್ಲೇ ಐತೆ" ಎಂದು ದುರುಗಣ್ಣ ಏಣಿ ಹಿಡಿದ.